ಕೈ ಬದಲಾಗುವ ದಿನದ ಮೀಟರ್ ರೀಡಿಂಗ್: ಸಣ್ಣ ಅಂಕಿ, ದೊಡ್ಡ ಹೊಣೆ

ಇಂದಿರಾನಗರದ ನೂರು ಅಡಿ ರಸ್ತೆಯಲ್ಲಾಗಲಿ, ಹನ್ನೆರಡನೇ ಮುಖ್ಯರಸ್ತೆಯಲ್ಲಾಗಲಿ, ಸಿ.ಎಂ.ಎಚ್. ರಸ್ತೆಯಲ್ಲಾಗಲಿ ಒಂದು ಮಳಿಗೆಯು ಒಬ್ಬ ವರ್ತಕರಿಂದ ಮತ್ತೊಬ್ಬರಿಗೆ ಹಸ್ತಾಂತರವಾಗುವ ದಿನ ದೊಡ್ಡದೊಂದು ಪಟ್ಟಿಯೇ ಸಿದ್ಧವಾಗುತ್ತದೆ. ಷಟರಿನ ಬೀಗದ ಕೈಗಳೆಷ್ಟು, ಫ್ಯಾನುಗಳೆಷ್ಟು, ಹವಾನಿಯಂತ್ರಣ ಯಂತ್ರಗಳ ಸ್ಥಿತಿ ಹೇಗಿದೆ, ಬಣ್ಣ ಬಳಿಸುವ ವೆಚ್ಚಕ್ಕೆಂದು ಮುಂಗಡದಲ್ಲಿ ಎಷ್ಟು ಮುರಿದುಕೊಳ್ಳಲಾಗಿದೆ ಎಂಬುದೆಲ್ಲವೂ ಅದರಲ್ಲಿ ದಾಖಲಾಗುತ್ತದೆ. ಮೆಟ್ಟಿಲಿನ ಕೆಳಗಿನ ಪೆಟ್ಟಿಗೆಯಲ್ಲಿ ಸದ್ದಿಲ್ಲದೆ ಓಡುತ್ತಿರುವ ವಿದ್ಯುತ್ ಮೀಟರಿನ ಅಂಕಿ ಮಾತ್ರ ಆ ಪಟ್ಟಿಯಲ್ಲಿ ಕಾಣಸಿಗುವುದು ಅಪರೂಪ. 'ಬಿಲ್ಲು ಬಂದಾಗ ನೋಡಿಕೊಂಡರಾಯಿತು' ಎಂಬ ಒಂದು ಮಾತಿನಲ್ಲಿ ಆ ವಿಷಯ ಮುಗಿದುಹೋಗುತ್ತದೆ. ಬಿಲ್ಲು ಬರುವ ವೇಳೆಗೆ ಹಳೆಯ ಬಾಡಿಗೆದಾರರು ಬೇರೆ ಬಡಾವಣೆಯಲ್ಲಿ ಅಂಗಡಿ ತೆರೆದಿರುತ್ತಾರೆ. ಮುಂಗಡ ಹಣವೂ ಅವರ ಕೈಸೇರಿರುತ್ತದೆ.

ವಾಸದ ಮನೆಗಳ ಬಡಾವಣೆಯಾಗಿ ಬೆಳೆದ ಇಂದಿರಾನಗರವು ಕಳೆದ ಕೆಲವು ದಶಕಗಳಲ್ಲಿ ವ್ಯಾಪಾರಕೇಂದ್ರವಾಗಿ ಮಾರ್ಪಟ್ಟಿದೆ. 2011ರ ಅಕ್ಟೋಬರ್‌ನಲ್ಲಿ ಸಿ.ಎಂ.ಎಚ್. ರಸ್ತೆಯ ಮೇಲೆ ಮೆಟ್ರೋ ಸಂಚಾರ ಆರಂಭವಾದ ನಂತರ ಈ ಬದಲಾವಣೆ ಇನ್ನಷ್ಟು ವೇಗ ಪಡೆಯಿತು. ಮನೆ ಅಂಗಡಿಯಾಗುತ್ತದೆ, ಅಂಗಡಿ ಉಪಾಹಾರ ಗೃಹವಾಗುತ್ತದೆ, ಉಪಾಹಾರ ಗೃಹ ಕಚೇರಿಯಾಗುತ್ತದೆ. ಇಷ್ಟೆಲ್ಲ ಕೈ ಬದಲಾದರೂ ಕಟ್ಟಡದ ಆರ್.ಆರ್. ಸಂಖ್ಯೆ ಬದಲಾಗದೆ ಉಳಿಯುವುದೇ ಹೆಚ್ಚು. ಬೆಸ್ಕಾಂನ ಲೆಕ್ಕದಲ್ಲಿ ಗ್ರಾಹಕರು ಎಂದರೆ ಆ ಸಂಖ್ಯೆಯ ಎದುರಿಗೆ ಹೆಸರಿರುವವರು, ಬಹುತೇಕ ಕಟ್ಟಡದ ಮಾಲೀಕರು. ಒಳಗೆ ವ್ಯಾಪಾರ ಮಾಡುವವರು ಯಾರು, ಯಾವ ದಿನ ಬಂದರು, ಯಾವ ದಿನ ಹೋದರು ಎಂಬುದು ಆ ಲೆಕ್ಕಕ್ಕೆ ಗೊತ್ತಿರುವುದಿಲ್ಲ. ಅದನ್ನು ತಿಳಿಸಬಲ್ಲ ಏಕೈಕ ಸಾಕ್ಷಿ ಹಸ್ತಾಂತರದ ದಿನದ ರೀಡಿಂಗ್.

ಆರಂಭದ ಶಿಲ್ಕು ಮತ್ತು ಅಖೈರು ಶಿಲ್ಕು

ಲೆಕ್ಕಪತ್ರ ಬರೆಯುವ ಯಾವ ವರ್ತಕರೂ ಹಿಂದಿನ ವರ್ಷದ ಅಖೈರು ಶಿಲ್ಕನ್ನು ತಿಳಿಯದೆ ಹೊಸ ವರ್ಷದ ಖಾತೆ ತೆರೆಯುವುದಿಲ್ಲ. ಮಾರ್ಚ್ 31ರ ಸಂಜೆ ಗೋದಾಮಿನಲ್ಲಿದ್ದ ಸರಕನ್ನು ಎಣಿಸದೆ ಲಾಭ ನಷ್ಟದ ಮಾತನಾಡುವುದೂ ಇಲ್ಲ. ಮೀಟರಿನ ಅಂಕಿಯೂ ಇಂತಹುದೇ ಒಂದು ಶಿಲ್ಕು. ಬಿಟ್ಟುಹೋಗುವವರ ಅಖೈರು ಅಂಕಿಯೇ ಬರುವವರ ಆರಂಭದ ಅಂಕಿ. ಅದು ದಾಖಲಾಗದಿದ್ದರೆ ಇಬ್ಬರ ಖಾತೆಯೂ ತಪ್ಪುತ್ತದೆ.

ಒಂದು ಕಾಲ್ಪನಿಕ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಜೂನ್ 3ರಂದು ಬೆಸ್ಕಾಂ ಸಿಬ್ಬಂದಿ ಮಳಿಗೆಯೊಂದರ ರೀಡಿಂಗ್ ತೆಗೆದಾಗ ಮೀಟರ್ 48,210 ತೋರಿಸಿತ್ತು. ಜೂನ್ 21ರಂದು ಹಳೆಯ ಬಾಡಿಗೆದಾರರು ಬೀಗದ ಕೈ ಒಪ್ಪಿಸಿದಾಗ ಮೀಟರಿನಲ್ಲಿದ್ದ ಅಂಕಿ 50,910. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಜುಲೈ 3ರ ರೀಡಿಂಗ್ 51,660. ಒಟ್ಟು ಬಳಕೆ 3,450 ಯೂನಿಟ್. ದಿನಗಳ ಲೆಕ್ಕದಲ್ಲಿ ಹಂಚಿದರೆ 12 ದಿನಕ್ಕೆ ಹೊಸಬರ ಪಾಲು 1,380 ಯೂನಿಟ್ ಆಗುತ್ತದೆ. ಆದರೆ ಮಳಿಗೆಯ ನವೀಕರಣದ ಕೆಲಸವಷ್ಟೇ ನಡೆದಿದ್ದ ಆ ಅವಧಿಯಲ್ಲಿ ಅವರು ಬಳಸಿದ್ದು 750 ಯೂನಿಟ್ ಮಾತ್ರ. ವ್ಯತ್ಯಾಸ 630 ಯೂನಿಟ್. ಲೆಕ್ಕದ ಅನುಕೂಲಕ್ಕೆ ಯೂನಿಟ್ಟಿಗೆ 8 ರೂಪಾಯಿ ಎಂದಿಟ್ಟುಕೊಂಡರೂ 5,040 ರೂಪಾಯಿ.

ಐದು ಸಾವಿರ ರೂಪಾಯಿಗೆ ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲ, ನಿಜ. ಆದರೆ ಹಸ್ತಾಂತರಕ್ಕೆ ಮುಂಚೆ ಮೂರು ತಿಂಗಳ ಕಾಲ ಮೀಟರ್ ಪೆಟ್ಟಿಗೆಗೆ ಬೀಗ ಬಿದ್ದಿದ್ದು, ತಿಂಗಳಿಗೆ 1,000 ಯೂನಿಟ್ ಸರಾಸರಿಯಲ್ಲಿ ಬಿಲ್ಲು ಬರುತ್ತಿತ್ತೆಂದೂ, ನಿಜವಾದ ಬಳಕೆ 4,000 ಯೂನಿಟ್ ಇತ್ತೆಂದೂ ಭಾವಿಸಿದರೆ ಚಿತ್ರವೇ ಬೇರೆಯಾಗುತ್ತದೆ. ಬಾಗಿಲು ತೆರೆದು ರೀಡಿಂಗ್ ತೆಗೆದ ದಿನ 9,000 ಯೂನಿಟ್, ಎಂದರೆ 72,000 ರೂಪಾಯಿ, ಒಂದೇ ಬಿಲ್ಲಿನಲ್ಲಿ ಹೊಸಬರ ಮುಂದೆ ಬಂದು ನಿಲ್ಲುತ್ತದೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ವಾಸದ ಮನೆಗಳೂ ಇದಕ್ಕೆ ಹೊರತಲ್ಲ. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ಣ ಬಿಲ್ಲನ್ನು ಪಾವತಿಸಬೇಕಾಗುತ್ತದೆ. ಒಂದೇ ತಿಂಗಳಲ್ಲಿ ಹೋದವರ ಬಳಕೆಯೂ ಬಂದವರ ಬಳಕೆಯೂ ಒಂದೇ ಬಿಲ್ಲಿನಲ್ಲಿ ಸೇರಿ ಆ ಮಿತಿ ದಾಟಿದರೆ, ಯಾರಿಂದ ದಾಟಿತೆಂದು ಹೇಳುವುದಕ್ಕೂ ಹಸ್ತಾಂತರದ ದಿನದ ಅಂಕಿಯೇ ಬೇಕು.

ಕಾನೂನು ಹೊಸಬರ ಪರವಾಗಿದೆಯೇ?

ಹಿಂದಿನವರ ಬಾಕಿ ಹಿಂದಿನವರಿಗೇ ಸೇರಿದ್ದು, ತಮಗೆ ಸಂಬಂಧಿಸಿದ್ದಲ್ಲ ಎಂಬ ನಂಬಿಕೆ ವರ್ತಕರಲ್ಲಿ ವ್ಯಾಪಕವಾಗಿದೆ. ಕಾನೂನು ಅಷ್ಟು ಸರಳವಾಗಿಲ್ಲ. ಕೆ.ಸಿ. ನಿನಾನ್ ವಿರುದ್ಧ ಕೇರಳ ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ತ್ರಿಸದಸ್ಯ ಪೀಠವು 2023ರ ಮೇ 19ರಂದು ತೀರ್ಪು ನೀಡಿತು. ಸರಬರಾಜಿನ ಶಾಸನಬದ್ಧ ಷರತ್ತುಗಳು ಅವಕಾಶ ಕಲ್ಪಿಸಿದ್ದಲ್ಲಿ, ಹಿಂದಿನ ಮಾಲೀಕರ ವಿದ್ಯುತ್ ಬಾಕಿಯನ್ನು ತೀರಿಸಿದ ನಂತರವೇ ಹೊಸ ಮಾಲೀಕರಿಗೆ ಸಂಪರ್ಕ ನೀಡುವುದಾಗಿ ಸರಬರಾಜುದಾರರು ಹೇಳಬಹುದು ಎಂದು ನ್ಯಾಯಾಲಯ ಎತ್ತಿಹಿಡಿಯಿತು. ಹರಾಜಿನಲ್ಲಿ ಇದ್ದ ಸ್ಥಿತಿಯಲ್ಲೇ ಆಸ್ತಿ ಕೊಂಡವರೂ ಇದಕ್ಕೆ ಒಳಪಟ್ಟರು. ಬ್ಯಾಂಕುಗಳ ಹರಾಜಿನಲ್ಲಿ ರೋಗಗ್ರಸ್ತ ಘಟಕಗಳನ್ನು ಕೊಳ್ಳುವ ಸಣ್ಣ ಕೈಗಾರಿಕೋದ್ಯಮಿಗಳು ಈ ತೀರ್ಪನ್ನು ಅವಶ್ಯವಾಗಿ ಗಮನದಲ್ಲಿಡಬೇಕು. ಕೆ.ಆರ್. ಪುರಂ ಕಡೆಯ ಶೆಡ್ಡೊಂದನ್ನು ಅಗ್ಗದ ಬೆಲೆಗೆ ಕೊಂಡವರು ಅದರ ಮೀಟರಿನ ಹಿಂದಿನ ಚರಿತ್ರೆಯನ್ನೂ ಕೊಂಡಂತೆಯೇ.

ಕಾಲಮಿತಿಯ ರಕ್ಷಣೆಯೂ ಪೂರ್ಣವಾದುದಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಕಲಮು ಹದಿನೈದು ದಿನಗಳ ಲಿಖಿತ ನೋಟಿಸು ನೀಡಿದ ನಂತರವೇ ಸಂಪರ್ಕ ಕಡಿತಗೊಳಿಸಲು ಅವಕಾಶ ನೀಡುತ್ತದೆ; ಬಾಕಿಯೆಂದು ನಿರಂತರವಾಗಿ ತೋರಿಸದ ಮೊತ್ತದ ವಸೂಲಿಗೆ ಎರಡು ವರ್ಷಗಳ ಮಿತಿಯನ್ನೂ ಹಾಕುತ್ತದೆ. ಆದರೆ 2020ರ ಫೆಬ್ರುವರಿಯಲ್ಲಿ ಅಜ್ಮೇರ್ ವಿದ್ಯುತ್ ವಿತರಣ ನಿಗಮದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಲೆಕ್ಕದಲ್ಲಿ ತಪ್ಪು ಕಂಡುಬಂದಾಗ ಪೂರಕ ಬೇಡಿಕೆ ಸಲ್ಲಿಸಲು ಈ ಮಿತಿ ಅಡ್ಡಿಯಾಗದು, ಆ ಕಾರಣಕ್ಕೆ ಸಂಪರ್ಕ ಕಡಿತ ಮಾತ್ರ ಸಲ್ಲದು ಎಂದಿತು. 2021ರ ಅಕ್ಟೋಬರ್‌ನಲ್ಲಿ ಪ್ರೇಮ್ ಕಾಟೆಕ್ಸ್ ಪ್ರಕರಣದಲ್ಲಿ ತಪ್ಪು ಇದ್ದುದು ಮೀಟರಿನ ಗುಣಕದಲ್ಲಿ. 10ರಿಂದ ಗುಣಿಸಬೇಕಿದ್ದ ರೀಡಿಂಗನ್ನು 5ರಿಂದ ಗುಣಿಸಿ ವರ್ಷಗಟ್ಟಲೆ ಬಿಲ್ಲು ನೀಡಲಾಗಿತ್ತು. ತಪ್ಪು ಸರಬರಾಜುದಾರರದೇ ಆಗಿದ್ದರೂ ವ್ಯತ್ಯಾಸದ ಮೊತ್ತದ ಬೇಡಿಕೆಯನ್ನು ನ್ಯಾಯಾಲಯ ತಳ್ಳಿಹಾಕಲಿಲ್ಲ. ಇಂತಹ ಬೇಡಿಕೆ ಬರುವಷ್ಟರಲ್ಲಿ ಕಟ್ಟಡವು ಎರಡು ಮೂರು ಕೈ ಬದಲಾಗಿದ್ದರೆ, ಯಾವ ಅವಧಿಯ ಬಳಕೆ ಯಾರದು ಎಂಬುದನ್ನು ರುಜುವಾತುಪಡಿಸುವುದು ಹೇಗೆ? ಹಸ್ತಾಂತರದ ದಿನದ ಅಂಕಿ ಇಲ್ಲದವರ ಬಳಿ ಉತ್ತರವಿಲ್ಲ.

ಜಿ.ಎಸ್.ಟಿ. ಮತ್ತು ಸಬ್ ಮೀಟರ್

ಒಂದೇ ಆರ್.ಆರ್. ಸಂಖ್ಯೆಯ ಅಡಿಯಲ್ಲಿ ನಾಲ್ಕಾರು ಬಾಡಿಗೆದಾರರಿದ್ದು, ಮಾಲೀಕರು ಸಬ್ ಮೀಟರ್ ಮೂಲಕ ಹಣ ವಸೂಲು ಮಾಡುವ ಕಟ್ಟಡಗಳಲ್ಲಿ ಮತ್ತೊಂದು ತೊಡಕಿದೆ. ವಿದ್ಯುತ್ತಿಗೆ ಜಿ.ಎಸ್.ಟಿ. ಇಲ್ಲ ಎಂಬುದು ಸರಿಯೇ. ಆದರೆ ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯು 2023ರ ಅಕ್ಟೋಬರ್ 31ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿರುವಂತೆ, ಬಾಡಿಗೆ ಅಥವಾ ನಿರ್ವಹಣಾ ಶುಲ್ಕದೊಡನೆ ಸೇರಿಸಿ ಒದಗಿಸುವ ವಿದ್ಯುತ್ತು ಸಂಯುಕ್ತ ಪೂರೈಕೆ ಎನಿಸಿ, ಮುಖ್ಯ ಪೂರೈಕೆಯ ದರದಲ್ಲಿ ತೆರಿಗೆಗೆ ಒಳಪಡುತ್ತದೆ. ಸರಬರಾಜು ಕಂಪನಿ ವಿಧಿಸಿದಷ್ಟನ್ನೇ ಮಾಲೀಕರು ಬಾಡಿಗೆದಾರರಿಂದ ಪಡೆದಲ್ಲಿ ಮಾತ್ರ ಅವರನ್ನು ಕೇವಲ ಪ್ರತಿನಿಧಿಯೆಂದು ಪರಿಗಣಿಸಲಾಗುತ್ತದೆ. ಆಗ ಆ ಮೊತ್ತ ತೆರಿಗೆಯ ಮೌಲ್ಯಕ್ಕೆ ಸೇರುವುದಿಲ್ಲ.

'ವಿಧಿಸಿದಷ್ಟನ್ನೇ' ಪಡೆದುದಕ್ಕೆ ಆಧಾರವೇನು? ಮುಖ್ಯ ಮೀಟರಿನ ಮತ್ತು ಸಬ್ ಮೀಟರಿನ ದಿನಾಂಕ ಸಹಿತ ರೀಡಿಂಗ್. ಅಂದಾಜಿನ ಮೇಲೆ ದುಂಡು ಮೊತ್ತ ವಸೂಲು ಮಾಡುವ ಮಾಲೀಕರು ಶೇ. 18ರ ತೆರಿಗೆಯ ವಿವಾದವನ್ನು ತಾವೇ ಆಹ್ವಾನಿಸಿದಂತಾಗುತ್ತದೆ. ಹೂಡುವಳಿ ತೆರಿಗೆ ಜಮೆಯ ಸೌಲಭ್ಯವಿಲ್ಲದೆ ಶೇ. 5ರ ದರದಲ್ಲಿ ವ್ಯವಹರಿಸುವ ಉಪಾಹಾರ ಗೃಹಗಳಿಗೆ ಈ ಹೊರೆ ನೇರವಾಗಿ ವೆಚ್ಚವೇ ಆಗಿ ಪರಿಣಮಿಸುತ್ತದೆ. ಇಂದಿರಾನಗರದಲ್ಲಿ ಇಂತಹ ಉದ್ದಿಮೆಗಳ ಸಂಖ್ಯೆ ಸಣ್ಣದಲ್ಲವೆಂಬುದನ್ನು ವಿವರಿಸಬೇಕಿಲ್ಲ.

ಒಂದೇ ಅಂಕಿ ಸಾಲದು

ಸಣ್ಣ ತಯಾರಕರು ಯೂನಿಟ್ಟಿನ ಅಂಕಿಯೊಂದನ್ನೇ ಬರೆದಿಟ್ಟುಕೊಂಡರೆ ಸಾಲದು. ಗರಿಷ್ಠ ಬೇಡಿಕೆಯನ್ನು ದಾಖಲಿಸುವ ಮೀಟರುಗಳಲ್ಲಿ, ತಿಂಗಳ ಯಾವುದೋ ಒಂದು ದಿನ ಕೆಲವೇ ನಿಮಿಷ ಏರಿದ ಬೇಡಿಕೆಯೂ ಮುಂದಿನ ರೀಡಿಂಗ್‌ವರೆಗೆ ಉಳಿದಿರುತ್ತದೆ. 40 ಕಿಲೋವ್ಯಾಟ್ ಮಂಜೂರಾತಿ ಇರುವ ಘಟಕದಲ್ಲಿ ಹಿಂದಿನವರು 10ನೇ ತಾರೀಖಿನಂದು 55 ಕಿಲೋವ್ಯಾಟ್ ಎಳೆದಿದ್ದರೆ, ಅದರ ದಂಡವು 21ರಂದು ಒಳಬಂದವರ ಮೊದಲ ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಆದುದರಿಂದ ಯೂನಿಟ್ಟು, ಗರಿಷ್ಠ ಬೇಡಿಕೆ, ಪವರ್ ಫ್ಯಾಕ್ಟರ್, ಮೀಟರಿನ ಕ್ರಮಸಂಖ್ಯೆ, ಸಿ.ಟಿ. ಅಳವಡಿಸಿದ್ದಲ್ಲಿ ಅದರ ಗುಣಕ, ಮೊಹರುಗಳ ಸ್ಥಿತಿ ಇವೆಲ್ಲವೂ ಹಸ್ತಾಂತರದ ದಾಖಲೆಯಲ್ಲಿರಬೇಕು. ಬಳಕೆಯ ವರ್ಗವನ್ನೂ ಮರೆಯುವಂತಿಲ್ಲ. ವಾಸದ ಅಥವಾ ಎಲ್‌ಟಿ-5 ಕೈಗಾರಿಕಾ ದರದಲ್ಲಿರುವ ಸ್ಥಾವರದಲ್ಲಿ ಎಲ್‌ಟಿ-3 ವಾಣಿಜ್ಯ ವರ್ಗಕ್ಕೆ ಸೇರಬೇಕಾದ ಚಟುವಟಿಕೆ ನಡೆದಿದ್ದರೆ, ಕಾಯ್ದೆಯ 126ನೇ ಕಲಮಿನ ಅಡಿಯಲ್ಲಿ ನಡೆಯುವ ನಿರ್ಧರಣೆಯಲ್ಲಿ ಆ ಬಳಕೆ ಎಂದಿನಿಂದ ಆರಂಭವಾಯಿತು ಎಂಬ ಪ್ರಶ್ನೆಯೇ ಮುಖ್ಯವಾಗುತ್ತದೆ.

ಮೀಟರನ್ನೇ ಬದಲಿಸುವ ಸಂದರ್ಭಕ್ಕೂ ಇದೇ ಮಾತು ಅನ್ವಯಿಸುತ್ತದೆ. ಹಳೆಯ ಮೀಟರಿನ ಕೊನೆಯ ಅಂಕಿಯನ್ನೂ ಹೊಸ ಮೀಟರಿನ ಮೊದಲ ಅಂಕಿಯನ್ನೂ ಗ್ರಾಹಕರ ಸಮ್ಮುಖದಲ್ಲಿ ಬರೆದು ಸಹಿ ಪಡೆಯಬೇಕು. ಹಳೆಯ ಮೀಟರ್ ಉಗ್ರಾಣ ಸೇರಿದ ಮೇಲೆ ವಿವಾದವೆದ್ದರೆ ಪ್ರಯೋಜನವಿಲ್ಲ.

ಅನ್ಯರ ಅನುಭವ

ಬ್ರಿಟನ್ನಿನಲ್ಲಿ 1990ರ ದಶಕದ ಕೊನೆಗೆ ಮನೆಬಳಕೆದಾರರೂ ತಮ್ಮ ವಿದ್ಯುತ್ ಸರಬರಾಜುದಾರರನ್ನು ಆಯ್ದುಕೊಳ್ಳುವ ವ್ಯವಸ್ಥೆ ಜಾರಿಗೆ ಬಂದಿತು. ತಂತಿ ಅದೇ, ಮೀಟರ್ ಅದೇ. ಬದಲಾಗುವುದು ಬಿಲ್ಲು ಕೊಡುವ ಕಂಪನಿ ಮಾತ್ರ. ಅಲ್ಲಿ ಬದಲಾವಣೆಯ ದಿನದ ಆಸುಪಾಸಿನಲ್ಲಿ ಗ್ರಾಹಕರೇ ಮೀಟರ್ ನೋಡಿ ಹೊಸ ಕಂಪನಿಗೆ ರೀಡಿಂಗ್ ತಿಳಿಸುತ್ತಾರೆ. ಆ ಅಂಕಿಯ ಮೇಲೆ ಹಳೆಯ ಕಂಪನಿಯ ಕೊನೆಯ ಬಿಲ್ಲೂ ಹೊಸ ಕಂಪನಿಯ ಮೊದಲ ಬಿಲ್ಲೂ ನಿಲ್ಲುತ್ತವೆ. ಕೊನೆಯ ಬಿಲ್ಲನ್ನು ಆರು ವಾರಗಳೊಳಗೆ ನೀಡಬೇಕೆಂಬ ನಿಯಮವಿದೆ. ಗ್ರಾಹಕರು ಕೊಟ್ಟ ಅಂಕಿಯನ್ನು ನಂಬಿದುದರಿಂದ ಆ ದೇಶದ ಕಂಪನಿಗಳೇನೂ ಮುಳುಗಲಿಲ್ಲ.

ಭಾರತದಲ್ಲಿ ಇದಕ್ಕೆ ಸಮೀಪದ ಉದಾಹರಣೆ ಮುಂಬಯಿ. 2008ರ ಜುಲೈನ ಸರ್ವೋಚ್ಚ ನ್ಯಾಯಾಲಯದ ತೀರ್ಪು ಮತ್ತು 2009ರ ಅಕ್ಟೋಬರ್‌ನ ಮಹಾರಾಷ್ಟ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಆದೇಶದ ನಂತರ, ಉಪನಗರಗಳ ಗ್ರಾಹಕರು ಅದೇ ತಂತಿಯ ಮೂಲಕವೇ ರಿಲಯನ್ಸ್ ಬದಲಿಗೆ ಟಾಟಾ ಕಂಪನಿಯ ವಿದ್ಯುತ್ ಪಡೆಯಲು ಸಾಧ್ಯವಾಯಿತು. 2018ರಲ್ಲಿ ರಿಲಯನ್ಸ್‌ನ ಆ ವ್ಯವಹಾರ ಅದಾನಿ ಸಮೂಹದ ಪಾಲಾಯಿತು.

ಬೆಂಗಳೂರಿನ ಮನೆ ಮಳಿಗೆಗಳಿಗೆ ಇಂತಹ ಆಯ್ಕೆ ಇನ್ನೂ ದೊರೆತಿಲ್ಲ. 2002ರ ಜೂನ್‌ನಲ್ಲಿ ಕಾರ್ಯಾರಂಭ ಮಾಡಿದ ಬೆಸ್ಕಾಂ ಒಂದೇ ಇಲ್ಲಿನ ಸರಬರಾಜುದಾರ ಸಂಸ್ಥೆ. ಆದರೆ ಗಾಳಿ ಬೀಸುತ್ತಿರುವ ದಿಕ್ಕು ಸ್ಪಷ್ಟವಾಗಿದೆ. 2022ರ ಜೂನ್‌ನ ಹಸಿರು ಇಂಧನ ಮುಕ್ತ ಪ್ರವೇಶ ನಿಯಮಗಳು, ನವೀಕರಿಸಬಹುದಾದ ವಿದ್ಯುತ್ತನ್ನು ಬೇರೆಡೆಯಿಂದ ಕೊಳ್ಳುವ ಮಿತಿಯನ್ನು ಒಂದು ಮೆಗಾವ್ಯಾಟ್‌ನಿಂದ 100 ಕಿಲೋವ್ಯಾಟ್‌ಗೆ ಇಳಿಸಿದವು. ಇದು ಮಧ್ಯಮ ಗಾತ್ರದ ಕಾರ್ಖಾನೆಗಳಿಗೂ ಎಟುಕುವ ಮಿತಿ. ಒಂದೇ ಪ್ರದೇಶದಲ್ಲಿ ಹಲವು ಕಂಪನಿಗಳು ಒಂದೇ ಜಾಲವನ್ನು ಬಳಸಲು ಅನುವು ಮಾಡುವ ತಿದ್ದುಪಡಿ ಮಸೂದೆಯು 2022ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾಗಿ, 2024ರಲ್ಲಿ ಆ ಸಭೆಯ ವಿಸರ್ಜನೆಯೊಡನೆ ಬಿದ್ದುಹೋಯಿತು. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯವು ಮತ್ತೊಂದು ಕರಡನ್ನು ಪ್ರಕಟಿಸಿತು. ಸ್ಪರ್ಧೆ ಬರಲಿ ಬಾರದಿರಲಿ ಎಂಬ ಚರ್ಚೆ ಬೇರೆ. ಬಂದ ದಿನ ಅದರ ಇಡೀ ಲೆಕ್ಕವು ಕೈ ಬದಲಾದ ದಿನದ ರೀಡಿಂಗ್ ಮೇಲೆ ನಿಲ್ಲುತ್ತದೆ ಎಂಬುದರಲ್ಲಿ ಮಾತ್ರ ಸಂದೇಹವಿಲ್ಲ. ಬಾಡಿಗೆದಾರರು ಬದಲಾದಾಗಲೇ ಆ ಅಂಕಿಯನ್ನು ದಾಖಲಿಸುವ ಶಿಸ್ತು ಬೆಳೆಯದ ಊರಿನಲ್ಲಿ, ಕಂಪನಿಗಳೇ ಬದಲಾದಾಗ ಗತಿಯೇನು?

ಆಗಬೇಕಾದುದೇನು?

2020ರ ಡಿಸೆಂಬರ್ 31ರಂದು ಪ್ರಕಟವಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಲ್ಲಿ ಉಪಯುಕ್ತವಾದ ಒಂದು ಅಂಶವಿದೆ. ಸತತ ಎರಡು ಬಾರಿ ಸಿಬ್ಬಂದಿಗೆ ಮೀಟರ್ ಎಟುಕದಿದ್ದಲ್ಲಿ, ಗ್ರಾಹಕರು ರೀಡಿಂಗ್ ಮತ್ತು ದಿನಾಂಕವಿರುವ ಮೀಟರಿನ ಛಾಯಾಚಿತ್ರವನ್ನು ತಮ್ಮ ನೋಂದಾಯಿತ ಮೊಬೈಲ್ ಅಥವಾ ಇ-ಮೇಲ್ ಮೂಲಕ ಕಳುಹಿಸಬಹುದು. ಬೀಗ ಹಾಕಿದ ಬಾಗಿಲಿಗೆ ಸಲ್ಲುವ ಛಾಯಾಚಿತ್ರವು ಕೈ ಬದಲಾಗುವ ಬಾಗಿಲಿಗೆ ಏಕೆ ಸಲ್ಲಬಾರದು? ಹಸ್ತಾಂತರದ ದಿನ ಇಬ್ಬರ ಸಹಿಯೊಂದಿಗೆ ಕಳುಹಿಸಿದ ಅಂಕಿಯನ್ನು ಬೆಸ್ಕಾಂ ಸ್ವೀಕರಿಸಿ, ನಿಗದಿತ ದಿನಗಳೊಳಗೆ ಆ ದಿನದವರೆಗಿನ ಅಂತಿಮ ಬಿಲ್ಲನ್ನೂ ಬಾಕಿ ಇಲ್ಲವೆಂಬ ಪತ್ರವನ್ನೂ ನೀಡುವಂತಾಗಬೇಕು. ಸಿಬ್ಬಂದಿಯೇ ಬಂದು ವಿಶೇಷ ರೀಡಿಂಗ್ ತೆಗೆಯಬೇಕೆಂದು ಕೋರುವವರಿಗೆ ಅದರ ಶುಲ್ಕ ಮತ್ತು ಕಾಲಾವಧಿಯನ್ನು ಪ್ರತಿ ಉಪವಿಭಾಗ ಕಚೇರಿಯ ಫಲಕದಲ್ಲಿ ಪ್ರಕಟಿಸಬೇಕು. ದರ ಪರಿಷ್ಕರಣೆಯ ಸಾರ್ವಜನಿಕ ವಿಚಾರಣೆಗಳಲ್ಲಿ ವಾಣಿಜ್ಯ ಸಂಸ್ಥೆಗಳು ಯೂನಿಟ್ಟಿನ ದರದ ಬಗ್ಗೆ ದನಿ ಎತ್ತುವುದು ಸಹಜ. ಅದರೊಡನೆ ಈ ಬೇಡಿಕೆಯನ್ನೂ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದಿಡುವುದು ಸೂಕ್ತ.

ಇದಕ್ಕೆ ಆಕ್ಷೇಪಗಳೂ ಇವೆ. ಸಿಬ್ಬಂದಿ ಕಡಿಮೆ, ಪ್ರತಿ ಬಾಡಿಗೆ ಬದಲಾವಣೆಗೂ ಓಡಾಡಲು ಸಾಧ್ಯವಿಲ್ಲ ಎಂಬುದು ಮೊದಲನೆಯದು. ಛಾಯಾಚಿತ್ರವನ್ನು ಒಪ್ಪಿಕೊಂಡರೆ ಆ ಓಡಾಟವೇ ತಪ್ಪುತ್ತದೆ. ದೂರದಿಂದಲೇ ರೀಡಿಂಗ್ ಪಡೆಯಬಲ್ಲ ಸ್ಮಾರ್ಟ್ ಮೀಟರುಗಳಿರುವಲ್ಲಿ ಛಾಯಾಚಿತ್ರದ ಅವಶ್ಯಕತೆಯೂ ಇರದು. ಗ್ರಾಹಕರು ಸುಳ್ಳು ಅಂಕಿ ಕೊಟ್ಟಾರು ಎಂಬುದು ಎರಡನೆಯದು. ಮೀಟರಿನ ಅಂಕಿ ಹಿಂದಕ್ಕೆ ಓಡುವುದಿಲ್ಲ, ಮುಂದಿನ ರೀಡಿಂಗ್‌ನಲ್ಲಿ ಒಟ್ಟು ಬಳಕೆ ಹೊರಬಂದೇ ಬರುತ್ತದೆ. ಅದಲ್ಲದೆ ಹೋಗುವವರಿಗೆ ಅಂಕಿ ಕಡಿಮೆಯಿದ್ದರೆ ಲಾಭ, ಬರುವವರಿಗೆ ಹೆಚ್ಚಿದ್ದರೆ ಲಾಭ. ಪರಸ್ಪರ ವಿರುದ್ಧ ಹಿತಾಸಕ್ತಿಯುಳ್ಳ ಇಬ್ಬರು ಒಪ್ಪಿ ಸಹಿ ಹಾಕಿದ ಅಂಕಿಗಿಂತ ನಂಬಲರ್ಹವಾದ ದಾಖಲೆ ಲೆಕ್ಕಪರಿಶೋಧನೆಯಲ್ಲೂ ದುರ್ಲಭ.

ನಿಯಮ ಬರುವವರೆಗೆ ಕಾಯಬೇಕಾದ ಅಗತ್ಯ ವರ್ತಕರಿಗಿಲ್ಲ. ಬಾಡಿಗೆ ಕರಾರುಪತ್ರದಲ್ಲಿ ಆರಂಭದ ರೀಡಿಂಗನ್ನು ನಮೂದಿಸುವುದು, ತೆರವುಗೊಳಿಸುವ ದಿನ ಮಾಲೀಕರು, ಹೋಗುವವರು ಮತ್ತು ಬರುವವರು ಒಟ್ಟಾಗಿ ಮೀಟರಿನ ಮುಂದೆ ನಿಂತು ಅಂಕಿ ಬರೆದು ಸಹಿ ಹಾಕುವುದು, ಛಾಯಾಚಿತ್ರ ತೆಗೆದು ಮೂವರೂ ಇಟ್ಟುಕೊಳ್ಳುವುದು, ಮುಂದಿನ ಬಿಲ್ಲು ಬಂದು ಲೆಕ್ಕ ಹೊಂದಾಣಿಕೆಯಾಗುವವರೆಗೆ ಮುಂಗಡದಲ್ಲಿ ಸಣ್ಣದೊಂದು ಮೊತ್ತವನ್ನು ತಡೆಹಿಡಿಯುವುದು, ಸ್ಥಾವರದ ಭದ್ರತಾ ಠೇವಣಿ ಯಾರ ಹೆಸರಿನಲ್ಲಿದೆಯೆಂದು ಖಚಿತಪಡಿಸಿಕೊಳ್ಳುವುದು ಇವಿಷ್ಟು ಕ್ರಮಗಳಿಗೆ ಕಾಲು ಗಂಟೆಗಿಂತ ಹೆಚ್ಚು ಸಮಯ ಬೇಕಾಗದು. ಮುಂದೆ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆಗೆ ಹೋಗಬೇಕಾಗಿ ಬಂದರೆ, ಅಲ್ಲಿ ಬಾಯಿಮಾತಿಗಿಂತ ಈ ಒಂದು ಹಾಳೆಗೆ ಹೆಚ್ಚಿನ ತೂಕವಿರುತ್ತದೆ.

ವ್ಯಾಪಾರದಲ್ಲಿ ನಷ್ಟ ಹಲವು ದಾರಿಗಳಿಂದ ಬರುತ್ತದೆ. ಅವುಗಳಲ್ಲಿ ಹೆಚ್ಚಿನವು ವರ್ತಕರ ಕೈಮೀರಿದವು. ಬೇರೊಬ್ಬರು ಉರಿಸಿದ ದೀಪಕ್ಕೆ ಹಣ ತೆರುವ ನಷ್ಟ ಮಾತ್ರ ಹಾಗಲ್ಲ. ಬೀಗದ ಕೈ ಪಡೆದ ದಿನ ಮೆಟ್ಟಿಲಿನ ಕೆಳಗೆ ಬಗ್ಗಿ ಆ ಅಂಕಿಯನ್ನು ಓದಿ ಬರೆದುಕೊಂಡವರಿಗೆ ಅದು ಬರುವುದಿಲ್ಲ.